ತಿನ್ನುವ ಆಸೆ, ತಡೆಯುವ ಮನಸ್ಸು, ಸ್ಕ್ಯಾನಿನ ಚಿತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ತಿನ್ನುವುದರ ಮೇಲಿನ ಹಿಡಿತ ಮತ್ತು ಮಿದುಳಿನ ಸ್ಕ್ಯಾನುಗಳನ್ನು ಕುರಿತವು. ಆದ್ದರಿಂದ ಬೇರೆ ವಿಷಯದ ಪತ್ರಗಳನ್ನು ಮುಂದಿನ ಸಂಚಿಕೆಗೆ ಉಳಿಸಿ, ಇವುಗಳನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ. ಹಗಲೆಲ್ಲ ಊಟ ತಿಂಡಿಯಲ್ಲಿ ಹಿಡಿತವಿರುತ್ತದೆ. ಸಂಜೆ ಅಂಗಡಿ ಮುಚ್ಚಿ ಹೊರಟರೆ ಬೇಕರಿಯ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ. ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಮುಗಿಯುವವರೆಗೆ ಬಿಡಲಾಗುವುದಿಲ್ಲ. ಅತಿಯಾಗಿ ತಿನ್ನುವವರ ಮಿದುಳು ಕೊಕೇನ್ ಚಟದವರ ಮಿದುಳಿನಂತೆಯೇ ಇರುತ್ತದೆ ಎಂದು ಸ್ಕ್ಯಾನ್ ಚಿತ್ರಗಳ ಸಮೇತ ಹೇಳುವ ವಿಡಿಯೊ ಒಂದನ್ನು ನೋಡಿದೆ. ನಾನು ಚಟಕ್ಕೆ ಬಿದ್ದಿದ್ದೇನೆಯೇ? ಸ್ಕ್ಯಾನ್ ಮಾಡಿಸಿದರೆ ತಿಳಿಯುತ್ತದೆಯೇ? (ಓದುಗರು, ದಾವಣಗೆರೆ)

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ತಿಳಿಯುವುದಿಲ್ಲ. ಒಬ್ಬರನ್ನು ಯಂತ್ರದೊಳಗೆ ಮಲಗಿಸಿ, ಬಂದ ಚಿತ್ರ ನೋಡಿ ‘ಇವರಿಗೆ ತಿನ್ನುವ ಚಟವಿದೆ’ ಎಂದು ತೀರ್ಮಾನಿಸುವ ಮಾನ್ಯವಾದ ಪರೀಕ್ಷೆ ಇಂದಿಗೂ ಇಲ್ಲ. ಹಾಗೆ ಹೇಳಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಮೊದಲನೆಯ ಪ್ರಶ್ನೆಗೆ ಉತ್ತರಿಸಬೇಕಾದರೆ ಅಂಥ ಚಿತ್ರಗಳು ಎಲ್ಲಿಂದ ಬಂದವು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಈ ಹೋಲಿಕೆಗೆ ಬಲ ಬಂದದ್ದು ಬಹುಮಟ್ಟಿಗೆ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಜೀನ್-ಜ್ಯಾಕ್ ವಾಂಗ್, ನೋರಾ ವೋಲ್ಕೋವ್ ಮತ್ತು ಸಂಗಡಿಗರು ತೀವ್ರ ಬೊಜ್ಜಿದ್ದ 10 ಜನರನ್ನೂ ಬೊಜ್ಜಿಲ್ಲದ 10 ಜನರನ್ನೂ ಪೆಟ್ ಸ್ಕ್ಯಾನಿಗೆ ಒಳಪಡಿಸಿದರು. ರಾಕ್ಲೋಪ್ರೈಡ್ ಎಂಬ ವಸ್ತುವಿಗೆ ವಿಕಿರಣಶೀಲ ಇಂಗಾಲವನ್ನು ಅಂಟಿಸಿ ರಕ್ತಕ್ಕೆ ಸೇರಿಸಿದರೆ, ಅದು ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದ ಡಿ-2 ಗ್ರಾಹಕಗಳ ಮೇಲೆ, ಅಂದರೆ ಬಯಕೆಯೊಡನೆ ನಂಟಿರುವ ಡೋಪಮೈನ್ ಎಂಬ ಸಂದೇಶವಾಹಕ ರಾಸಾಯನಿಕ ಬಂದು ಕೂರುವ ತಾಣಗಳ ಮೇಲೆ, ಹೋಗಿ ಕೂರುತ್ತದೆ. ಎಲ್ಲಿ ಎಷ್ಟು ಕೂತಿತು ಎಂಬುದನ್ನು ಯಂತ್ರ ಅಳೆಯುತ್ತದೆ. ಬೊಜ್ಜಿದ್ದವರಲ್ಲಿ ಅದು ಕಡಿಮೆ ಕೂತಿತ್ತು. ತೂಕ ಹೆಚ್ಚಿದ್ದಷ್ಟೂ ಪ್ರಮಾಣ ಇನ್ನೂ ಕಡಿಮೆಯಾಗಿತ್ತು. ಇದೇ ತಂಡ ಕೊಕೇನ್ ವ್ಯಸನಿಗಳಲ್ಲೂ ಇಂಥದ್ದೇ ಇಳಿಕೆಯನ್ನು ಮೊದಲೇ ಕಂಡಿದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ರೂಢಿ ಬೆಳೆಯಿತು.

ಅಳತೆಯಲ್ಲಿ ತಪ್ಪಿರಲಿಲ್ಲ. ಆದರೆ ಅದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ರಾಕ್ಲೋಪ್ರೈಡ್ ಕಡಿಮೆ ಕೂತಿತು ಎಂದರೆ ಗ್ರಾಹಕಗಳೇ ಕಡಿಮೆ ಇರಬಹುದು, ಇಲ್ಲವೇ ಅವುಗಳ ಮೇಲೆ ಡೋಪಮೈನ್ ಆಗಲೇ ಜಾಗ ಹಿಡಿದಿರಬಹುದು. ಗ್ರಾಹಕಗಳು ಕಡಿಮೆ ಇದ್ದುದರಿಂದ ಅವರು ಹೆಚ್ಚು ತಿಂದರೇ, ಹೆಚ್ಚು ತಿಂದುದರಿಂದ ಗ್ರಾಹಕಗಳು ಕಡಿಮೆಯಾದವೇ ಎಂಬುದನ್ನು ಒಂದೇ ಸಲ ತೆಗೆದ ಚಿತ್ರ ಹೇಳಲಾರದು. ಮುಂದಿನ ವರ್ಷಗಳಲ್ಲಿ ಬೇರೆ ತಂಡಗಳು ಅಳೆದಾಗ ಕೆಲವರಿಗೆ ಇದೇ ಫಲಿತಾಂಶ ಬಂತು, ಕೆಲವರಿಗೆ ವ್ಯತ್ಯಾಸವೇ ಕಾಣಲಿಲ್ಲ. 2025ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು 50 ಜನರಿಗೆ ಕೊಬ್ಬು ಸಕ್ಕರೆ ತುಂಬಿದ ಮಿಲ್ಕ್‌ಶೇಕ್ ಕುಡಿಸಿ ಅದೇ ರಾಕ್ಲೋಪ್ರೈಡ್ ವಿಧಾನದಲ್ಲಿ ಪರೀಕ್ಷಿಸಿದರು. ಒಟ್ಟು ಗುಂಪಿನ ಸರಾಸರಿಯಲ್ಲಿ ಗಮನಾರ್ಹವಾದ ಡೋಪಮೈನ್ ಏರಿಕೆ ಕಾಣಲಿಲ್ಲ. ಒಬ್ಬೊಬ್ಬರಲ್ಲಿ ಒಂದೊಂದು ಬಗೆಯ ಪ್ರತಿಕ್ರಿಯೆಯಿತ್ತು, ಅದಕ್ಕೂ ದೇಹದ ಕೊಬ್ಬಿಗೂ ಗಟ್ಟಿಯಾದ ನಂಟು ಇರಲಿಲ್ಲ. ಕೊಕೇನಿನಂಥ ಮಾದಕ ವಸ್ತುಗಳು ಇದೇ ಅಳತೆಯಲ್ಲಿ ಎದ್ದು ಕಾಣುವಷ್ಟು ಡೋಪಮೈನನ್ನು ಏರಿಸುತ್ತವೆ. ‘ಬಿಸ್ಕತ್ತೂ ಕೊಕೇನೂ ಒಂದೇ’ ಎನ್ನುವ ಮಾತನ್ನು ಈ ಚಿತ್ರಗಳು ಹೊರಲಾರವು ಎಂದು ನನ್ನ ಅಭಿಪ್ರಾಯ.

ಹಾಗೆಂದು ನಿಮ್ಮ ಕಷ್ಟ ಸುಳ್ಳೆಂದಲ್ಲ. ಅದನ್ನು ಅಳೆಯಲು ಯಂತ್ರಕ್ಕಿಂತ ಪ್ರಶ್ನೆಗಳೇ ಮೇಲು. 2009ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಆಶ್ಲಿ ಗೇರ್‌ಹಾರ್ಟ್ ಮತ್ತು ಸಂಗಡಿಗರು ಇದಕ್ಕೆಂದೇ 25 ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದರು. ಅಂದುಕೊಂಡದ್ದಕ್ಕಿಂತ ಹೆಚ್ಚು ತಿನ್ನುತ್ತೀರಾ, ಬಿಡಬೇಕೆಂದು ಮತ್ತೆ ಮತ್ತೆ ಯತ್ನಿಸಿ ಸೋತಿದ್ದೀರಾ, ಹಾನಿಯಾಗುತ್ತಿದೆ ಎಂದು ತಿಳಿದೂ ಮುಂದುವರಿಸಿದ್ದೀರಾ, ಇದರಿಂದ ಕೆಲಸ ಸಂಸಾರಗಳಿಗೆ ತೊಂದರೆಯಾಗಿದೆಯೇ ಎಂಬ ಬಗೆಯ ಪ್ರಶ್ನೆಗಳವು. ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿಯಲ್ಲಿ ‘ಆಹಾರದ ಚಟ’ ಎಂಬ ಕಾಯಿಲೆ ಇಲ್ಲ. ‘ಬಿಂಜ್ ಈಟಿಂಗ್’ ಎಂಬ ಕಾಯಿಲೆ ಇದೆ. ಸ್ವಲ್ಪ ಹೊತ್ತಿನಲ್ಲೇ ಅತಿಯಾಗಿ ತಿನ್ನುವುದು, ಆಗ ಹತೋಟಿ ತಪ್ಪಿದೆ ಅನ್ನಿಸುವುದು, ಬಳಿಕ ನಾಚಿಕೆ ಸಂಕಟಗಳು ಕಾಡುವುದು, ಇದು ವಾರಕ್ಕೆ ಒಮ್ಮೆಯಾದರೂ ಮೂರು ತಿಂಗಳ ಕಾಲ ನಡೆದಿರುವುದು ಅದರ ಮುಖ್ಯ ಲಕ್ಷಣಗಳು. ನಿಮ್ಮ ಸ್ಥಿತಿ ಇದನ್ನು ಹೋಲುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಹೋಲದಿದ್ದರೆ, ಮಧ್ಯಾಹ್ನ ಎಷ್ಟು ಹೊತ್ತಿಗೆ ಏನು ಊಟ ಮಾಡುತ್ತೀರಿ ಎಂಬುದನ್ನು ಮೊದಲು ನೋಡಿಕೊಳ್ಳಿ. ಹಗಲಿನ ಬಿಗಿ ಹಿಡಿತವೇ ಸಂಜೆಯ ಸಡಿಲಕ್ಕೆ ಕಾರಣವಾಗಿರುವುದು ಅಪರೂಪವಲ್ಲ.

ಪ್ರಶ್ನೆ: ಸಂಯಮ ಎನ್ನುವುದು ಮಿದುಳಿನ ಯಾವ ಭಾಗದಲ್ಲಿದೆ? ಅದನ್ನು ಚಿತ್ರದಲ್ಲಿ ನೋಡಿದ್ದಾರೆಯೇ? (ಪದವಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನೋಡಲು ಯತ್ನಿಸಿದ್ದಾರೆ, ಮತ್ತು ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಅದೇ. 2009ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಟಾಡ್ ಹೇರ್, ಕಾಲಿನ್ ಕ್ಯಾಮರರ್ ಮತ್ತು ಆಂಟೋನಿಯೊ ರಾಂಗೆಲ್ ಅದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಥ್ಯದಲ್ಲಿದ್ದೇವೆ ಎಂದು ಹೇಳಿಕೊಂಡವರನ್ನು ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ, 50 ತಿನಿಸುಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಪ್ರತಿಯೊಂದಕ್ಕೂ ರುಚಿಗೆ ಎಷ್ಟು ಅಂಕ, ಆರೋಗ್ಯಕ್ಕೆ ಎಷ್ಟು ಅಂಕ ಎಂದು ಬೇರೆ ಬೇರೆಯಾಗಿ ಕೇಳಿದರು. ಬಳಿಕ, ಎರಡರಲ್ಲೂ ಮಧ್ಯಮವಾದ ಒಂದು ತಿನಿಸನ್ನು ಎದುರಿಗಿಟ್ಟುಕೊಂಡು, ಅದು ಬೇಕೋ ಇದು ಬೇಕೋ ಎಂದು ಮತ್ತೆ ಮತ್ತೆ ಆರಿಸಲು ಹೇಳಿದರು. ಆರಿಸಿದವುಗಳಲ್ಲಿ ಒಂದನ್ನು ಕೊನೆಗೆ ನಿಜವಾಗಿಯೂ ತಿನ್ನಬೇಕಿತ್ತು, ಆದ್ದರಿಂದ ಬಾಯಿಮಾತಿನ ಪಥ್ಯಕ್ಕೆ ಅಲ್ಲಿ ಅವಕಾಶವಿರಲಿಲ್ಲ. ರುಚಿಯಾದರೂ ಆರೋಗ್ಯಕ್ಕೆ ಒಳ್ಳೆಯದಲ್ಲದ್ದನ್ನು ಬಿಟ್ಟ 19 ಮಂದಿ ಒಂದು ಗುಂಪಾದರು, ರುಚಿಗೆ ಸೋತ 18 ಮಂದಿ ಇನ್ನೊಂದು ಗುಂಪಾದರು.

ಹಣೆಯ ಹಿಂದೆ, ಮಿದುಳಿನ ಮುಂಭಾಗದ ತಳದಲ್ಲಿ ವೆಂಟ್ರೋಮೀಡಿಯಲ್ ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂಬ ಪ್ರದೇಶವಿದೆ. ‘ಇದು ನನಗೆ ಎಷ್ಟು ಬೇಕು’ ಎಂಬ ಬೆಲೆ ಕಟ್ಟುವ ಕೆಲಸದೊಡನೆ ಅಲ್ಲಿನ ಚಟುವಟಿಕೆ ಎರಡೂ ಗುಂಪುಗಳಲ್ಲಿ ಹೊಂದಿಕೊಂಡಿತ್ತು. ಸೋತವರಲ್ಲಿ ಆ ಬೆಲೆಯೊಳಗೆ ರುಚಿ ಮಾತ್ರ ಇತ್ತು. ಗೆದ್ದವರಲ್ಲಿ ರುಚಿಯೊಡನೆ ಆರೋಗ್ಯವೂ ಸೇರಿಕೊಂಡಿತ್ತು. ಅದೇ ಗೆದ್ದವರಲ್ಲಿ ಹಣೆಯ ಪಕ್ಕದ ಡಾರ್ಸೋಲ್ಯಾಟರಲ್ ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂಬ ಭಾಗ ಹೆಚ್ಚು ಚುರುಕಾಗಿತ್ತು. ಆ ಭಾಗ ಬೆಲೆ ಕಟ್ಟುವ ಪ್ರದೇಶದ ಮೇಲೆ ಪ್ರಭಾವ ಬೀರುತ್ತಿದೆ ಎಂದು ಸಂಶೋಧಕರು ಓದಿಕೊಂಡರು.

ಈ ಫಲಿತಾಂಶದಲ್ಲಿ ಮುಖ್ಯವಾದದ್ದು ಆ ಉದ್ದುದ್ದ ಹೆಸರುಗಳಲ್ಲ. ಆಸೆ ಒಂದು ಕಡೆ, ಅದನ್ನು ಅದುಮುವ ಬುದ್ಧಿ ಇನ್ನೊಂದು ಕಡೆ, ಎರಡರ ನಡುವೆ ಕುಸ್ತಿ ಎಂಬ ನಮ್ಮ ಹಳೆಯ ಚಿತ್ರಕ್ಕೆ ಇಲ್ಲಿ ಪೂರ್ತಿ ಬೆಂಬಲ ಸಿಗುವುದಿಲ್ಲ. ಸಂಯಮವಿದ್ದವರಲ್ಲಿ ಆಸೆಯ ಲೆಕ್ಕವೇ ಬೇರೆಯಾಗಿತ್ತು. ಲೆಕ್ಕದೊಳಗೆ ಆರೋಗ್ಯ ಬಂದು ಸೇರಬೇಕಾದರೆ ಅದು ಆ ಕ್ಷಣದಲ್ಲಿ ನೆನಪಿಗೆ ಬರಬೇಕು. ಇದನ್ನು ರಾಂಗೆಲ್ ಅವರ ತಂಡ 2011ರಲ್ಲಿ ಪರೀಕ್ಷಿಸಿತು. ಪಥ್ಯದಲ್ಲಿಲ್ಲದ ಸಾಮಾನ್ಯರಿಗೆ ಆಯ್ಕೆಗೆ ಮುಂಚೆ ‘ಇದು ಎಷ್ಟು ಆರೋಗ್ಯಕರ ಎಂದು ಯೋಚಿಸಿ’ ಎಂಬ ಸೂಚನೆಯೊಂದನ್ನು ಕೊಟ್ಟಾಗ, ಆಯ್ಕೆಗಳೂ ಸುಧಾರಿಸಿದವು, ಬೆಲೆ ಕಟ್ಟುವ ಪ್ರದೇಶದಲ್ಲಿ ಆರೋಗ್ಯದ ತೂಕವೂ ಏರಿತು. ಗಮನ ಎತ್ತ ಹರಿಯಿತು ಎಂಬುದರಿಂದಲೇ ಇಷ್ಟು ವ್ಯತ್ಯಾಸವಾಯಿತು.

ಇದರ ಇನ್ನೊಂದು ಮಗ್ಗುಲೂ ಇದೆ. ಜ್ಯೂರಿಕ್‌ನಲ್ಲಿ ಹೇರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಯ್ಕೆಗೆ ಮುಂಚೆ ಕೆಲವರು ಮಂಜಿನಂಥ ನೀರಿನಲ್ಲಿ ಮೂರು ನಿಮಿಷ ಕೈ ಅದ್ದಿ ಇಟ್ಟುಕೊಳ್ಳಬೇಕಾಗಿತ್ತು. ಅಷ್ಟು ಸಣ್ಣ ಒತ್ತಡಕ್ಕೇ ಅವರ ಆಯ್ಕೆ ರುಚಿಯ ಕಡೆಗೆ ವಾಲಿತು. ಬರ್ಕ್ಲಿಯಲ್ಲಿ ಮ್ಯಾಥ್ಯೂ ವಾಕರ್ ಅವರ ತಂಡ 2013ರಲ್ಲಿ 23 ಜನರನ್ನು ಒಂದು ರಾತ್ರಿ ನಿದ್ದೆಗೆಡಿಸಿ ನೋಡಿತು. ಮುಂಭಾಗದ ಪ್ರದೇಶಗಳ ಚಟುವಟಿಕೆ ಇಳಿದು, ಭಾವನೆಗಳೊಡನೆ ನಂಟಿರುವ ಅಮಿಗ್ಡಲಾ ಎಂಬ ಭಾಗದ ಪ್ರತಿಕ್ರಿಯೆ ಏರಿ, ಹೆಚ್ಚು ಕ್ಯಾಲರಿಯ ತಿನಿಸುಗಳ ಆಸೆ ಬಲವಾಯಿತು. ಪರೀಕ್ಷೆಯ ದಿನಗಳಲ್ಲಿ ಹಾಸ್ಟೆಲಿನಲ್ಲಿ ರಾತ್ರಿ ಎರಡು ಗಂಟೆಗೆ ನೂಡಲ್ಸ್ ಬೇಯುವುದೇಕೆ ಎಂಬುದಕ್ಕೆ ನಿಮಗೆ ಬೇರೆ ಪುರಾವೆ ಬೇಕಾಗಲಾರದು.

ಪ್ರಶ್ನೆ: ಚಿತ್ರಗಳಲ್ಲಿ ಮಿದುಳಿನ ಒಂದು ಭಾಗ ಕೆಂಪಗೆ ‘ಹೊತ್ತಿಕೊಂಡಂತೆ’ ಕಾಣುತ್ತದಲ್ಲ, ಅದು ನಿಜವಾದ ಬಣ್ಣವೇ? ಮಕ್ಕಳು ಕೇಳಿದರೆ ಏನು ಹೇಳಲಿ? (ವಿಜ್ಞಾನ ಶಿಕ್ಷಕರು, ಸಾಗರ)

ಉತ್ತರ: ಬಣ್ಣ ಕಂಪ್ಯೂಟರಿನದು. ನರಕೋಶಗಳು ಚುರುಕಾದ ಕಡೆಗೆ ಆಮ್ಲಜನಕ ಹೊತ್ತ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕವಿರುವ ಮತ್ತು ಇಲ್ಲದ ಹಿಮೋಗ್ಲೋಬಿನ್‌ಗಳ ಕಾಂತೀಯ ಗುಣ ಬೇರೆ ಬೇರೆ. ಈ ವ್ಯತ್ಯಾಸವನ್ನು ಎಂಆರ್‌ಐ ಯಂತ್ರದಿಂದ ಹಿಡಿಯಬಹುದೆಂದು ಸೈಜಿ ಒಗಾವಾ 1990ರಲ್ಲಿ ತೋರಿಸಿಕೊಟ್ಟರು. ಅಂದರೆ ಎಫ್‌ಎಂಆರ್‌ಐ ನೋಡುವುದು ರಕ್ತವನ್ನು, ಅದೂ ನರಕೋಶ ಕೆಲಸ ಮಾಡಿದ ಸುಮಾರು ಐದು ಸೆಕೆಂಡು ತಡವಾಗಿ. ವ್ಯತ್ಯಾಸವೂ ಸಾಮಾನ್ಯವಾಗಿ ಶೇಕಡಾ ಒಂದೆರಡರಷ್ಟು ಮಾತ್ರ. ಸಾವಿರಾರು ಚುಕ್ಕೆಗಳಲ್ಲಿ ಇಂಥ ವ್ಯತ್ಯಾಸವನ್ನು ಹುಡುಕಿ, ಆಕಸ್ಮಿಕವಲ್ಲವೆಂದು ಲೆಕ್ಕ ಹೇಳಿದ ಕಡೆಗಳಿಗೆ ಮಾತ್ರ ಬಣ್ಣ ಬಳಿಯುತ್ತಾರೆ. ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ತೋರಿಸಲು ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ, ಆ ಮನುಷ್ಯರ ಭಾವನೆ ಯಾವುದೆಂದು ‘ಕೇಳಿದರು’. ಸರಿಯಾದ ತಿದ್ದುಪಡಿ ಮಾಡದ ಲೆಕ್ಕದಲ್ಲಿ ಮೀನಿನ ಮಿದುಳಿನಲ್ಲೂ ಕೆಂಪು ಚುಕ್ಕೆ ಕಾಣಿಸಿತು. 2012ರಲ್ಲಿ ಅದಕ್ಕೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಸಿಕ್ಕಿತು. ಮಕ್ಕಳಿಗೆ ಈ ಕಥೆ ಖಂಡಿತ ಹಿಡಿಸುತ್ತದೆ.

ದೊಡ್ಡವರಿಗೆ ಹೇಳಬೇಕಾದ ಎಚ್ಚರಿಕೆ ಬೇರೆ ಇದೆ. ಮೇಲೆ ಹೇಳಿದ ಗೇರ್‌ಹಾರ್ಟ್ 2011ರಲ್ಲಿ 48 ಯುವತಿಯರಿಗೆ ಯಂತ್ರದೊಳಗೇ ಚಾಕೊಲೇಟ್ ಮಿಲ್ಕ್‌ಶೇಕ್ ಗುಟುಕು ಗುಟುಕಾಗಿ ಕೊಟ್ಟು ನೋಡಿದರು. ಚಟದ ಮಾಪಕದಲ್ಲಿ ಹೆಚ್ಚು ಅಂಕ ಪಡೆದವರಲ್ಲಿ, ಗುಟುಕು ಇನ್ನೇನು ಬರಲಿದೆ ಎಂದು ತಿಳಿದ ಗಳಿಗೆಯಲ್ಲಿ ಕೆಲವು ಭಾಗಗಳು ಹೆಚ್ಚು ಚುರುಕಾದವು. ಅವುಗಳಲ್ಲಿ ಡಾರ್ಸೋಲ್ಯಾಟರಲ್ ಪ್ರಿಫ್ರಂಟಲ್ ಕಾರ್ಟೆಕ್ಸ್ ಕೂಡ ಒಂದು. ಧಾರವಾಡದ ವಿದ್ಯಾರ್ಥಿನಿಗೆ ಹೇಳಿದ ಪ್ರಯೋಗದಲ್ಲಿ ಸಂಯಮವಿದ್ದವರಲ್ಲಿ ಎದ್ದು ಕಂಡದ್ದೂ ಅದೇ ಭಾಗ. ಒಂದು ಕಡೆ ಅದನ್ನು ಸಂಯಮದ ಗುರುತು ಎಂದರು, ಇನ್ನೊಂದು ಕಡೆ ಹಂಬಲದ ಗುರುತು ಎಂದರು. ಎರಡೂ ಸರಿಯಿರಬಹುದು. ಒಂದೇ ಪ್ರದೇಶ ಹಲವು ಕೆಲಸಗಳಲ್ಲಿ ಪಾಲ್ಗೊಳ್ಳುತ್ತದೆ. ಆದರೆ ಆ ಪ್ರದೇಶ ಕೆಂಪಾಗಿದೆ ಎಂಬುದರಿಂದ ಒಳಗೆ ಏನು ನಡೆದಿತ್ತು ಎಂದು ಹಿಮ್ಮುಖವಾಗಿ ಊಹಿಸುವವರು ಜಾರುವುದು ಇಲ್ಲಿಯೇ, ಮತ್ತು ಸುದ್ದಿಗಳಲ್ಲಿ ಬರುವ ಮಿದುಳಿನ ಕಥೆಗಳು ಈ ಜಾಗದಲ್ಲಿ ಎಡವುವುದನ್ನು ಪದೇ ಪದೇ ನೋಡುತ್ತೇವೆ.

ಪ್ರಶ್ನೆ: ನಮ್ಮ ಮಾವನವರು 70 ದಾಟಿಯೂ ಏಕಾದಶಿಗೆ ನಿರಾಹಾರವಿರುತ್ತಾರೆ. ‘ಮನಸ್ಸು ಗಟ್ಟಿಯಿದ್ದರೆ ಎಲ್ಲ ಆಗುತ್ತದೆ, ನಿನಗೆ ಶಿಸ್ತಿಲ್ಲ’ ಎನ್ನುತ್ತಾರೆ. ನಾನು ಹತ್ತು ದಿನ ಪಥ್ಯ ಮಾಡಿ ಹನ್ನೊಂದನೆಯ ದಿನ ಎರಡರಷ್ಟು ತಿನ್ನುತ್ತೇನೆ. ತಪ್ಪು ನನ್ನದೇ? (ಗೃಹಿಣಿ, ಉಡುಪಿ)

ಉತ್ತರ: ನಿಮ್ಮ ಮಾವನವರ ವ್ರತ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಆ ದಿನ ಮೊದಲೇ ಗೊತ್ತಿದೆ, ಮನೆಯಲ್ಲಿ ಅವರೆದುರು ಯಾರೂ ತಟ್ಟೆ ಇಡುವುದಿಲ್ಲ, ಮಾರನೆಯ ದಿನ ಬೆಳಗ್ಗೆ ದ್ವಾದಶಿಯ ಪಾರಣೆ ಖಚಿತ. ಇಡೀ ಮನೆ ಅವರ ಸಂಯಮಕ್ಕೆ ಹೆಗಲು ಕೊಟ್ಟಿರುತ್ತದೆ. ನೀವು ಪಥ್ಯ ಮಾಡುವಾಗ ಎಲ್ಲರಿಗೂ ಬಡಿಸುವವರು ನೀವೇ ಆಗಿರುತ್ತೀರಿ.

ಗಟ್ಟಿ ಮನಸ್ಸಿನವರಿಗೂ ಹಸಿವು ಏನು ಮಾಡುತ್ತದೆ ಎಂಬುದಕ್ಕೆ 1944–45ರ ಮಿನೆಸೋಟಾ ಪ್ರಯೋಗ ಸಾಕ್ಷಿ. ಆನ್ಸೆಲ್ ಕೀಸ್ ಅವರ ಮೇಲ್ವಿಚಾರಣೆಯಲ್ಲಿ, ಯುದ್ಧಕ್ಕೆ ಹೋಗಲು ಆತ್ಮಸಾಕ್ಷಿ ಒಪ್ಪದ 36 ಯುವಕರು ಸ್ವಇಚ್ಛೆಯಿಂದ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದು ಸುಮಾರು ಕಾಲು ಭಾಗ ತೂಕ ಕಳೆದುಕೊಂಡರು. ಸರ್ಕಾರದ ಎದುರು ತಮ್ಮ ನಿಲುವಿಗೆ ಅಂಟಿಕೊಂಡವರು ಅವರು, ಅವರ ಮನೋಬಲವನ್ನು ಯಾರೂ ಪ್ರಶ್ನಿಸಲಾರರು. ಅಂಥವರೂ ಹಗಲಿರುಳು ಊಟವನ್ನೇ ಧ್ಯಾನಿಸಿದರು, ಅಡುಗೆ ಪುಸ್ತಕಗಳನ್ನು ಓದುತ್ತ ಕೂತರು, ಪ್ರಯೋಗ ಮುಗಿದ ಮೇಲೆ ಅವರಲ್ಲಿ ಹಲವರಿಗೆ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ.

ಹಸಿವಿನ ರಾಸಾಯನಿಕಗಳು ಆಸೆಯ ಪ್ರದೇಶವನ್ನೇ ತಿರುಗಿಸಬಲ್ಲವು ಎಂಬುದು ಚಿತ್ರದಲ್ಲೂ ಕಂಡಿದೆ. ಕೊಬ್ಬಿನ ಕೋಶಗಳು ಹಸಿವನ್ನು ತಗ್ಗಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಹುಟ್ಟಿನಿಂದಲೇ ಅದಿಲ್ಲದ ಇಬ್ಬರು ಹದಿಹರೆಯದವರನ್ನು ಕೇಂಬ್ರಿಜ್‌ನ ಸದಾಫ್ ಫಾರೂಕಿ ಮತ್ತು ಸಂಗಡಿಗರು 2007ರಲ್ಲಿ ಪರೀಕ್ಷಿಸಿದರು. ಆಗಷ್ಟೇ ಊಟ ಮಾಡಿದ್ದರೂ ತಿನಿಸಿನ ಚಿತ್ರ ಕಂಡರೆ ಅವರ ಸ್ಟ್ರಯೇಟಮ್ ಹಸಿದವರಲ್ಲಿರುವಂತೆ ಪ್ರತಿಕ್ರಿಯಿಸುತ್ತಿತ್ತು. ಏಳು ದಿನ ಲೆಪ್ಟಿನ್ ಕೊಟ್ಟ ಮೇಲೆ ಊಟವಾದಾಗ ಆ ಪ್ರತಿಕ್ರಿಯೆ ತಗ್ಗಿತು. ಅವರ ಶೀಲ ಆ ಏಳು ದಿನಗಳಲ್ಲಿ ಬದಲಾಗಿರಲಿಲ್ಲವಲ್ಲ! ನಿಮಗೆ ಲೆಪ್ಟಿನ್ ಕೊರತೆಯಿದೆ ಎಂದು ನಾನು ಹೇಳುತ್ತಿಲ್ಲ, ಅದು ಅತ್ಯಂತ ಅಪರೂಪ. ಆದರೆ ಕಠಿಣ ಪಥ್ಯದಲ್ಲಿ ಯಾರಲ್ಲಾದರೂ ಲೆಪ್ಟಿನ್ ಇಳಿಯುತ್ತದೆ, ಮತ್ತು ಹನ್ನೊಂದನೆಯ ದಿನದ ಹಸಿವಿಗೆ ದೇಹದೊಳಗೆ ಕಾರಣವಿದೆ. ಪಥ್ಯವನ್ನು ಸಡಿಲಿಸಿ, ಮೂರು ಹೊತ್ತೂ ಹೊಟ್ಟೆ ತುಂಬುವಷ್ಟು ಬೇಳೆ, ಕಾಳು, ತರಕಾರಿಗಳನ್ನು ಇಟ್ಟುಕೊಳ್ಳಿ. ಎರಡು ತಿಂಗಳಲ್ಲಿ ಇಳಿಸಬೇಕೆಂದಿರುವುದನ್ನು ವರ್ಷಕ್ಕೆ ಹಂಚಿಕೊಳ್ಳಿ.

ಪ್ರಶ್ನೆ: ಕಬ್ಬಿನ ಹಾಲು ಒಂದು ಲೋಟಕ್ಕೆ ಸಾಕೆನಿಸುತ್ತದೆ, ಐಸ್‌ಕ್ರೀಮ್ ಸಾಕೆನಿಸುವುದಿಲ್ಲ. ಯಾಕೆ? (ಓದುಗರು, ಮಂಡ್ಯ)

ಉತ್ತರ: ಕಬ್ಬಿನ ಹಾಲಿನಲ್ಲಿ ಸಕ್ಕರೆ ಮಾತ್ರ ಇದೆ, ಐಸ್‌ಕ್ರೀಮಿನಲ್ಲಿ ಸಕ್ಕರೆಯೂ ಕೊಬ್ಬೂ ಕೂಡಿವೆ. 2018ರಲ್ಲಿ ಡೇನಾ ಸ್ಮಾಲ್ ಅವರ ತಂಡ ಸಮಾನ ಕ್ಯಾಲರಿಯ ತಿನಿಸುಗಳಿಗೆ ಜನ ಎಷ್ಟು ಬೆಲೆ ಕೊಡಲು ಸಿದ್ಧರಿದ್ದಾರೆ ಎಂದು ಅಳೆದಾಗ, ಎರಡೂ ಕೂಡಿದ ತಿನಿಸಿಗೆ ಸ್ಟ್ರಯೇಟಮ್‌ನ ಪ್ರತಿಕ್ರಿಯೆ ಎರಡರ ಮೊತ್ತಕ್ಕಿಂತಲೂ ಹೆಚ್ಚಾಗಿತ್ತು. ನಿಸರ್ಗದಲ್ಲಿ, ಎದೆಹಾಲನ್ನು ಬಿಟ್ಟರೆ, ಇವೆರಡೂ ಇಷ್ಟು ದಟ್ಟವಾಗಿ ಒಟ್ಟಿಗೆ ಸಿಗುವುದು ಕಡಿಮೆ.

ಪ್ರಶ್ನೆ: ತೂಕ ಇಳಿಸುವ ವಾರದ ಚುಚ್ಚುಮದ್ದು ತೆಗೆದುಕೊಂಡ ಮೇಲೆ ತಲೆಯೊಳಗೆ ಸದಾ ಗುನುಗುತ್ತಿದ್ದ ತಿನ್ನುವ ಯೋಚನೆಯೇ ನಿಂತುಹೋಗಿದೆ. ಮಿದುಳಿಗೆ ಏನೋ ಆಗಿದೆಯೇ ಎಂದು ಭಯ. (ಕನ್ನಡಿಗರು, ನ್ಯೂಜೆರ್ಸಿ)

ಉತ್ತರ: ಸೆಮಾಗ್ಲುಟೈಡ್‌ನಂಥ ಔಷಧಿಗಳು, ಉಂಡ ಮೇಲೆ ಕರುಳು ಸ್ರವಿಸುವ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಅನುಕರಿಸುತ್ತವೆ. ಸಹಜ ಹಾರ್ಮೋನು ಒಂದೆರಡು ನಿಮಿಷಗಳಲ್ಲಿ ಕರಗುತ್ತದೆ, ಔಷಧಿ ವಾರವಿಡೀ ಉಳಿಯುತ್ತದೆ. ಅದರ ಗ್ರಾಹಕಗಳು ಮಿದುಳಿನ ಕಾಂಡದಲ್ಲೂ, ಹಸಿವನ್ನು ನಿಯಂತ್ರಿಸುವ ಹೈಪೊಥಲಾಮಸ್ ಎಂಬ ಭಾಗದಲ್ಲೂ ಇವೆ. ಇದೇ ವರ್ಗದ ಎಕ್ಸೆನಟೈಡ್ ಕೊಟ್ಟು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಎಫ್‌ಎಂಆರ್‌ಐ ಅಧ್ಯಯನದಲ್ಲಿ, ತಿನಿಸಿನ ಚಿತ್ರಗಳಿಗೆ ಇನ್ಸುಲಾ, ಅಮಿಗ್ಡಲಾ ಮೊದಲಾದ ಭಾಗಗಳ ಪ್ರತಿಕ್ರಿಯೆ ತಗ್ಗಿತ್ತು. ಜಿಎಲ್‌ಪಿ-1ರ ಗ್ರಾಹಕಗಳನ್ನು ತಡೆದಾಗ ಆ ತಗ್ಗುವಿಕೆ ಇಲ್ಲವಾಯಿತು. ಆದ್ದರಿಂದ ನಿಮ್ಮ ಅನುಭವ ಔಷಧಿಯ ನಿರೀಕ್ಷಿತ ಪರಿಣಾಮವೇ. ಆದರೆ ಉಳಿದೆಲ್ಲ ವಿಷಯಗಳಲ್ಲೂ ಉತ್ಸಾಹ ಬತ್ತಿದರೆ ವೈದ್ಯರಿಗೆ ತಿಳಿಸಿ. ಔಷಧಿ ನಿಲ್ಲಿಸಿದ ಮೇಲೆ ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತೆಂದು 2022ರ ವರದಿಯೊಂದು ಹೇಳುತ್ತದೆ. ನಿಲ್ಲಿಸುವ ತೀರ್ಮಾನವನ್ನು ಒಬ್ಬರೇ ತೆಗೆದುಕೊಳ್ಳಬೇಡಿ.

ಪ್ರಶ್ನೆ: ನನ್ನ ಮಗಳಿಗೆ 16. ರಾತ್ರಿ ಅಡುಗೆಮನೆಯಲ್ಲಿ ಕದ್ದು ತಿನ್ನುತ್ತಾಳೆ, ಆಮೇಲೆ ಬಚ್ಚಲಲ್ಲಿ ವಾಂತಿಯ ಸದ್ದು ಕೇಳುತ್ತದೆ. ಕೇಳಿದರೆ ಸಿಟ್ಟು. ಮಿದುಳಿನ ಸ್ಕ್ಯಾನ್ ಮಾಡಿಸಲೇ? (ತಾಯಿ, ತುಮಕೂರು)

ಉತ್ತರ: ಅವಳೇ ವಾಂತಿ ಮಾಡಿಕೊಳ್ಳುತ್ತಿದ್ದರೆ ಇದು ಬುಲೀಮಿಯ ಎಂಬ ಕಾಯಿಲೆ ಆಗಿರಬಹುದು. ಅದನ್ನು ಗುರುತಿಸುವುದು ಮಾತುಕತೆಯಿಂದ ಮತ್ತು ದೇಹ ತಪಾಸಣೆಯಿಂದ. ಸ್ಕ್ಯಾನಿಗಾಗಿ ಕಾಯುತ್ತ ದಿನ ಕಳೆಯಬೇಡಿ. ಮೊದಲು ಬೇಕಾದದ್ದು ರಕ್ತ ಪರೀಕ್ಷೆ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ಏರುಪೇರಾಗಬಹುದು, ಆದ್ದರಿಂದ ಇಸಿಜಿಯೂ ಬೇಕಾದೀತು. ತಲೆಸುತ್ತು, ಎದೆಬಡಿತ, ಸ್ನಾಯು ಸೆಳೆತ ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ವಾಂತಿಯಾದ ತಕ್ಷಣ ಹಲ್ಲುಜ್ಜಬಾರದು, ನೀರಿನಲ್ಲಿ ಬಾಯಿ ಮುಕ್ಕಳಿಸಲಿ, ಆಮ್ಲದಿಂದ ಮೆತ್ತಗಾದ ಹಲ್ಲಿನ ಮೇಲ್ಪದರ ಬ್ರಷ್ಷಿಗೆ ಬೇಗ ಸವೆಯುತ್ತದೆ.

ಅಡುಗೆಮನೆಗೆ ಬೀಗ ಹಾಕಬೇಡಿ, ತೂಕದ ಮಾತು ಎತ್ತಬೇಡಿ, ನೆಂಟರೆದುರು ಈ ವಿಷಯ ಬೇಡವೇ ಬೇಡ. ಜಗಳವಿಲ್ಲದ ಹೊತ್ತು ನೋಡಿ, ‘ನೀನು ಕಷ್ಟದಲ್ಲಿದ್ದೀಯ ಅನ್ನಿಸುತ್ತಿದೆ, ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋಗೋಣ’ ಎಂದಷ್ಟೇ ಹೇಳಿ. ಈ ಕಾಯಿಲೆಗೆ ಮನೆಯವರನ್ನು ಸೇರಿಸಿಕೊಂಡು ನಡೆಸುವ ಚಿಕಿತ್ಸೆಯೂ, ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಸಮಾಲೋಚನೆಯೂ ಇವೆ. ಅಗತ್ಯವಿದ್ದರೆ ಮನೋವೈದ್ಯರು ಔಷಧಿಯನ್ನೂ ಸೇರಿಸುತ್ತಾರೆ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಆರಂಭಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ನಿಮಗೆ ದೂರವೇನಲ್ಲ. ಇಂದೇ ಯಾರೊಡನೆಯಾದರೂ ಮಾತನಾಡಬೇಕೆನಿಸಿದರೆ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.